ಪೆಟ್ರೋಲಿಗೆ ಆಗದ ಇಂಜಿನ್ ಹೈಡ್ರೋಜನ್‌ಗೆ ಹೇಗೆ ಒಗ್ಗಿತು

ಮಳೆ ಹಿಡಿಯುವ ಮುಂಚೆ ನಮ್ಮ ಬದಿಯಡ್ಕ, ಪೆರ್ಲ ಕಡೆ ಯಾವ ತೋಟಕ್ಕೆ ಹೋದ್ರೂ ಅಡಿಕೆಗೆ ಮದ್ದು ಬಿಡುವ ಪಂಪಿನದ್ದೇ ಸದ್ದು. ಅದರೊಳಗೆ ಪಿಸ್ಟನ್ ಹೋಗಿ ಬರ್ತದೆ. ರೋಟರಿ ಇಂಜಿನ್‌ನಲ್ಲಿ ಅದಿಲ್ಲ, ಹೊಟ್ಟೆ ಉಬ್ಬಿದ ತ್ರಿಕೋನದ ಹಾಗಿನ ರೋಟರ್ ಒಂದು, ನಡು ಒತ್ತಿದ ನೆಲಗಡಲೆ ಸಿಪ್ಪೆಯಂಥ ಗೂಡಿನಲ್ಲಿ ಸುತ್ತುತ್ತಾ ಇರ್ತದೆ, ವಾಲ್ವೂ ಇಲ್ಲ.

ಜರ್ಮನಿಯ ಫೆಲಿಕ್ಸ್ ವಾಂಕೆಲ್ ಎನ್‌ಎಸ್‌ಯು ಕಂಪೆನಿಯಲ್ಲಿ ಇದನ್ನು ಮೊದಲು ಓಡಿಸಿದ್ದು 1957ರಲ್ಲಿ. ಜಪಾನಿನ ಮಾಜ್ಡಾ 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರಿಗೆ ಹಾಕಿತು, ಮಾಡೆಲ್ ಇಂಜಿನ್ ಮಾಡುವ ಓಎಸ್ ಕಂಪೆನಿಯವರು 5 ಸಿಸಿಯಷ್ಟು ಚಿಕ್ಕದು ಮಾಡಿ ಮಾಡೆಲ್ ವಿಮಾನಕ್ಕೆ ಕೂರಿಸಿದ್ರು. ಆದ್ರೆ ಪೆಟ್ರೋಲ್ ಕುಡಿಯುದು ಜಾಸ್ತಿ ಮಾರಾಯ್ರೆ, ಯಾಕಂದ್ರೆ ಉರಿಯುವ ಜಾಗ ಉದ್ದಕ್ಕೆ ತೆಳ್ಳಗೆ ಉಂಟು, ಮೂಲೆ ತನಕ ಬೆಂಕಿ ಮುಟ್ಟುದಿಲ್ಲ, ಅಲ್ಲಿದ್ದ ಪೆಟ್ರೋಲ್ ಹಾಗೇ ಹೊಗೆಯೊಟ್ಟಿಗೆ ಹೊರಗೆ.

ಹೈಡ್ರೋಜನ್ ಉಲ್ಟಾ. ಅದರ ಬೆಂಕಿ ಸಣ್ಣ ಸಂದಿಗೂ ನುಗ್ತದೆ, ಹೊತ್ತಿಕೊಳ್ಳಲಿಕ್ಕೆ ಪೆಟ್ರೋಲಿಗೆ ಬೇಕಾದ ಕಿಡಿಯ ಹತ್ತರಲ್ಲೊಂದು ಪಾಲು ಸಾಕು. ಪಿಸ್ಟನ್ ಇಂಜಿನ್‌ನಲ್ಲಿ ಇದೇ ತೊಂದರೆ, ಕಾದ ಎಕ್ಸಾಸ್ಟ್ ವಾಲ್ವ್ ತಾಗಿದ್ರೆ ಒಳಗೆ ಬರ್ತಾ ಇರುವಾಗಲೇ ಹೊತ್ತಿ ಪಟಾರ್ ಅಂತ ಬ್ಯಾಕ್‌ಫೈರ್. ರೋಟರಿಯಲ್ಲಿ ಗಾಳಿ ಎಳೆಯುದು ಒಂದು ಬದಿ, ಉರಿಯುದು ಇನ್ನೊಂದು ಬದಿ, ಎಳೆಯುವ ಬದಿ ತಣ್ಣಗೇ ಇರ್ತದೆ. ಒಂದು ಬದಿ ಮಾತ್ರ ಕಾಯ್ತದೆ ಅಂತ ಬೈತಿದ್ದದ್ದೇ ಇಲ್ಲಿ ಉಪಕಾರಕ್ಕೆ ಬಂತು!

ಮಾಜ್ಡಾ ಇದನ್ನು ಹಿಡಿದು 1991ರಲ್ಲಿ ಎಚ್‌ಆರ್-ಎಕ್ಸ್ ಅಂತ ಮಾದರಿ ಕಾರು ತೋರಿಸಿತು. 2006ರಲ್ಲಿ ಪೆಟ್ರೋಲ್ ಹೈಡ್ರೋಜನ್ ಎರಡರಲ್ಲೂ ಓಡುವ ಆರ್‌ಎಕ್ಸ್-8 ಜಪಾನಿನಲ್ಲಿ ಲೀಸಿಗೆ ಕೊಟ್ಟಿತು. ಪೆಟ್ರೋಲಿನಲ್ಲಿ 210 ಪಿಎಸ್ (ಹೆಚ್ಚುಕಮ್ಮಿ ಹಾರ್ಸ್‌ಪವರೇ) ಪವರ್, ಹೈಡ್ರೋಜನ್‌ನಲ್ಲಿ 109 ಮಾತ್ರ, ಗ್ಯಾಸೇ ಜಾಗ ತಿಂದ್ರೆ ಗಾಳಿಗೆ ಎಲ್ಲಿ ಜಾಗ? 350 ಬಾರ್, ಅಂದ್ರೆ ನಮ್ಮ ಸುತ್ತಿನ ಗಾಳಿಯ ಸುಮಾರು 350 ಪಟ್ಟು ಒತ್ತಡದ ಹೈಡ್ರೋಜನ್ ಟ್ಯಾಂಕ್ ತುಂಬಿಸಿದ್ರೆ ಓಡುದು 100 ಕಿ.ಮೀ. 2009ರ ಪ್ರೆಮಸಿ ಹೈಬ್ರಿಡ್ ಕಾರಿನಲ್ಲಿ ಅದು 200 ಆಯ್ತು.

ಹಾಗಾದ್ರೆ ಮದ್ದಿನ ಪಂಪಿನಂಥದ್ದಕ್ಕೆ ಸಣ್ಣ ರೋಟರಿ ಇಂಜಿನ್ ಇಟ್ಟು ಹೈಡ್ರೋಜನ್ ಹಾಕ್ಲಿಕ್ಕೆ ಎಂತ ಅಡ್ಡಿ? ಒಂದು ಆಯಿಲ್. ರೋಟರ್ ತುದಿಯ ಸೀಲ್ ಗೂಡಿಗೆ ಉಜ್ಜಿಕೊಂಡೇ ಓಡ್ತದೆ, ಚಿಕ್ಕ ಇಂಜಿನ್‌ಗಳಲ್ಲಿ ಆಯಿಲನ್ನು ಇಂಧನಕ್ಕೇ ಬೆರೆಸಿ ಬಿಡ್ತಾರೆ, ಗ್ಯಾಸಿಗೆ ಬೆರೆಸುದು ಹೇಗೆ, ಅದಕ್ಕೆ ಬೇರೆ ಪಂಪ್ ಬೇಕು. ಅದು ಹೇಗೂ ಆದೀತು. ದೊಡ್ಡ ತಲೆನೋವು ಸಿಲಿಂಡರ್. ವೆಲ್ಡಿಂಗ್ ಅಂಗಡಿಯಲ್ಲಿ ಆಕ್ಸಿಜನ್‌ದು ಇರ್ತದಲ್ಲ, ಅಷ್ಟು ದೊಡ್ಡದರಲ್ಲಿ ಹಿಡಿಯುದು ಅರ್ಧ ಕಿಲೋ ಚಿಲ್ಲರೆ ಹೈಡ್ರೋಜನ್, ಅಂದ್ರೆ ಸುಮಾರು ಎರಡು ಲೀಟರ್ ಪೆಟ್ರೋಲಿನ ಶಕ್ತಿ, ಕಬ್ಬಿಣದ ತೂಕವೇ 50 ಕಿಲೋ ದಾಟ್ತದೆ. ಇಂಜಿನ್ ಬೆನ್ನಿಗೆ ಹಾಕಿಕೊಂಡು ತೋಟಕ್ಕೆ ಇಳಿಯಬಹುದು, ಸಿಲಿಂಡರ್ ಹೊರಲಿಕ್ಕೆ ಇನ್ನೊಂದು ಜನ ಬೇಕು, ಈಗ ಮದ್ದು ಬಿಡ್ಲಿಕ್ಕೇ ಜನ ಸಿಕ್ಕುದಿಲ್ಲ.