ಗೋಡೆ ಬಿಟ್ಟು ಬಂದ ಕುರ್ಚಿಗಳು

1950ರ ದಶಕ. ಕೆನಡಾದ ಸಸ್ಕಾಚೆವಾನ್‌ನಲ್ಲಿ ಒಂದು ಮಾನಸಿಕ ಆಸ್ಪತ್ರೆ. ವಯಸ್ಸಾದ ಹೆಂಗಸರ ವಾರ್ಡಿಗೆ ಹೊಸ ಕುರ್ಚಿ, ಹೊಸ ಪರದೆ ಬಂದಿದ್ದವು. ನೋಡೋಕೆ ಲಕ್ಷಣವಾಗಿತ್ತು. ಆದರೆ ದಿನವಿಡೀ ಅಲ್ಲೇ ಕೂತಿರುವವರ ನಡುವೆ ಮಾತೇ ಇಲ್ಲ.

ಆಸ್ಪತ್ರೆಯ ಮುಖ್ಯಸ್ಥ ಹಂಫ್ರಿ ಆಸ್ಮಂಡ್ ಇದನ್ನು ನೋಡಲು ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್‌ಗೆ ಹೇಳಿದರು. ಸಾಮರ್ ಮೊದಲು ಗಮನಿಸಿದ್ದು ಕುರ್ಚಿಗಳನ್ನು. ಎಲ್ಲವೂ ಗೋಡೆಗೆ ಒತ್ತಿಕೊಂಡು ಸಾಲಾಗಿದ್ದವು. ಪಕ್ಕದವರನ್ನು ಮಾತಾಡಿಸಬೇಕಾದರೆ ಕತ್ತು ತಿರುಗಿಸಬೇಕು. ಎದುರಿನವರು ತುಂಬಾ ದೂರ. ಕಂಬದ ಸುತ್ತ ಹಾಕಿದ ಕುರ್ಚಿಗಳು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದವು. ಗುಡಿಸಿ ಒರೆಸುವವರಿಗೆ ಅನುಕೂಲ, ಅಷ್ಟೇ.

ಸಾಮರ್ ಚಿಕ್ಕ ಮೇಜುಗಳನ್ನು ತರಿಸಿ, ಸುತ್ತ ಕುರ್ಚಿ ಹಾಕಿಸಿದರು. ಯಾರಿಗೂ ಹಿಡಿಸಲಿಲ್ಲ. ಕುರ್ಚಿಗಳು ಮತ್ತೆ ಮತ್ತೆ ಗೋಡೆಗೇ ಹೋಗಿ ಸೇರುತ್ತಿದ್ದವು. ಅವರು ಬಿಡಲಿಲ್ಲ. ಮೇಜಿನ ಮೇಲೆ ಹೂವು, ಪತ್ರಿಕೆ ಇಡಿಸಿದರು. ಕೆಲವು ವಾರ ಕಳೆದ ಮೇಲೆ ಎಣಿಸಿದರೆ ಮಾತುಕತೆ ಹತ್ತಿರ ಹತ್ತಿರ ದುಪ್ಪಟ್ಟಾಗಿತ್ತು! ಹೊಸ ಔಷಧಿಯಿಂದಲ್ಲ, ಕುರ್ಚಿ ಜರುಗಿಸಿದ್ದರಿಂದ.

ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆ ವರ್ಷಗಟ್ಟಲೆ ಇದ್ದವರಲ್ಲಿ ಮಾತು ಕಮ್ಮಿಯಾಗುವುದೂ ಕಾಯಿಲೆಯದೇ ಒಂದು ಲಕ್ಷಣ. ಈ ಕಾಯಿಲೆಯಲ್ಲಿ ಇಲ್ಲದ ದನಿ ಕೇಳಿಸುವುದೂ ಉಂಟು, ಅದನ್ನು ಮಾತ್ರೆ ಎಷ್ಟೋ ಜನರಲ್ಲಿ ತಗ್ಗಿಸುತ್ತದೆ. ಈ ಮೌನ ಮಾತ್ರ ಮಾತ್ರೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ 'ಅವನು ಇರೋದೇ ಹಾಗೆ' ಅಂತ ಸುಮ್ಮನಾಗುತ್ತೇವೆ. ಆದರೆ ಆ ಮೌನದಲ್ಲಿ ಕಾಯಿಲೆಯ ಪಾಲೆಷ್ಟು, ನಾವು ಕೂರಿಸಿದ ಜಾಗದ ಪಾಲೆಷ್ಟು? ಮನೆಯವರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು, ಅಲ್ವಾ?

ಸಾಮರ್ ಆಸ್ಪತ್ರೆಯ ಊಟದ ಕೋಣೆಯಲ್ಲೂ ಎಣಿಸಿ ನೋಡಿದ್ದರು. ಅಲ್ಲಿ ಎಲ್ಲಕ್ಕಿಂತ ಜಾಸ್ತಿ ಮಾತು ನಡೆದದ್ದು ಮೇಜಿನ ಮೂಲೆಯ ಆಚೆ ಈಚೆ ಕೂತವರ ನಡುವೆ. ಪಕ್ಕಪಕ್ಕ ಕೂತವರದ್ದು ಅದರರ್ಧ. ಎದುರುಬದುರು ಕೂತವರದ್ದು ಇನ್ನೂ ಕಮ್ಮಿ. ಮೂಲೆಯಲ್ಲಿ ಕೂತರೆ ಬೇಕೆಂದಾಗ ಮುಖ ನೋಡಬಹುದು, ಬೇಡವೆಂದಾಗ ಕಣ್ಣು ಆಚೆ ಹಾಯಿಸಬಹುದು. ಯಾರಾದರೂ ನೆಟ್ಟಗೆ ನೋಡಿದರೆ ಮುದುಡಿಕೊಳ್ಳುವ ಮನಸ್ಸಿಗೆ ಆ ಸಲೀಸು ಬೇಕೇ ಬೇಕು.

ಅವರೆಕಾಯಿ ಸುಲಿಯುವಾಗ ನಾವು ಕೂರುವುದೂ ಹೀಗೇ. ನಡುವೆ ಒಂದು ಮೊರ, ಕೈಗೆ ಕೆಲಸ, ಕಣ್ಣು ಕಾಯಿಯ ಮೇಲೆ. 'ಯಾಕೆ ಸುಮ್ನಿದೀಯಾ' ಅಂತ ಯಾರೂ ಕೇಳುವುದಿಲ್ಲ. ಅರ್ಧ ಗಂಟೆ ಕಳೆದ ಮೇಲೆ, 'ಇದರಲ್ಲಿ ಹುಳ ಇದೆ' ಅಂತ ಸುಮ್ಮನೆ ಕೂತಿದ್ದವರೇ ಒಂದು ಕಾಯಿ ಎತ್ತಿ ತೋರಿಸಬಹುದು.