ಗೇರ್‌ಬಾಕ್ಸ್ ಬದಲಾದ ಮೇಲೆ ಬಂದ ನಡುಕ

ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟರೆ ರಿಪೇರಿ ಖರ್ಚು ಕೇಳಿಯೇ ಮಾಲೀಕರು ಸುಸ್ತಾಗುತ್ತಾರೆ. ಆಗ ಕಾಣುವ ದಾರಿ ಒಂದು: ಅದೇ ಮಾಡೆಲ್‌ನ ಮ್ಯಾನುಯಲ್ ಗೇರ್‌ಬಾಕ್ಸನ್ನು ಗುಜರಿಯಲ್ಲಿ ಹುಡುಕಿ ಕೂರಿಸುವುದು. ದಾವಣಗೆರೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವ ಮೆಕ್ಯಾನಿಕ್‌ಗಳಿದ್ದಾರೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ತಯಾರಿಸಿತು. ಕಬ್ಬಿಣದ ಕೆಲಸ ಈ ಕಡೆಯವರಿಗೆ ಹೊಸದಲ್ಲ.

ಗೇರ್‌ಬಾಕ್ಸ್ ಕೂರುತ್ತದೆ, ಗಾಡಿಯೂ ಓಡುತ್ತದೆ. ಆದರೆ ಎಷ್ಟೋ ಸಲ ಸ್ಟೀರಿಂಗ್‌ನಲ್ಲಿ, ಸೀಟಿನಲ್ಲಿ ಮೊದಲಿಲ್ಲದ ನಡುಕ ಶುರುವಾಗುತ್ತದೆ. ಕೂಡಲೇ ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ ಕೂರುವ ರಬ್ಬರ್ ಆಧಾರದ ಮೇಲೆ ಅನುಮಾನ. ಹೊಸದು ಹಾಕಿಸುತ್ತಾರೆ, ದುಡ್ಡು ಹೋಗುತ್ತದೆ, ನಡುಕ ಉಳಿಯುತ್ತದೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಯಾಕೆಂದರೆ ನಡುಕ ಯಾವ ಕಡೆಯಿಂದ ಬರುತ್ತಿದೆ ಅನ್ನುವುದನ್ನು ಒಂದು ಬೋಲ್ಟೂ ಬಿಚ್ಚದೆ ಪತ್ತೆ ಮಾಡಬಹುದು.

ಮೊದಲು ಒಳಗೆ ಏನು ಬದಲಾಯಿತು ನೋಡೋಣ. ಎಂಜಿನ್ ನಯವಾಗಿ ತಿರುಗುವ ಯಂತ್ರವಲ್ಲ, ಒದೆಸಿಕೊಂಡು ತಿರುಗುವ ಯಂತ್ರ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ (ಎಂಜಿನ್‌ನ ಮುಖ್ಯ ಶಾಫ್ಟ್) ಪ್ರತಿ ಸುತ್ತಿಗೆ ಇಂಧನ ಉರಿದ ಎರಡು ಒದೆತ ಬೀಳುತ್ತವೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) 800 ಆರ್‌ಪಿಎಂ, ಅಂದರೆ ನಿಮಿಷಕ್ಕೆ 800 ಸುತ್ತು ಇದ್ದರೆ ಸೆಕೆಂಡಿಗೆ ಸುಮಾರು 27. ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಒಂದು ಫ್ಯಾನ್‌ನ ಗಾಳಿಗೆ ಎದುರಿನ ಇನ್ನೊಂದು ಫ್ಯಾನ್ ತಿರುಗಿದ ಹಾಗೆ ಅಲ್ಲಿ ಎಣ್ಣೆಯ ಮೂಲಕ ಬಲ ದಾಟುತ್ತದೆ. ಒದೆತದ ಚುರುಕನ್ನು ಆ ಎಣ್ಣೆಯೇ ನುಂಗಿಬಿಡುತ್ತದೆ. ಮ್ಯಾನುಯಲ್‌ನಲ್ಲಿ ನಡುವೆ ಈ ಎಣ್ಣೆಯ ಕೊಂಡಿ ಇಲ್ಲ. ಕ್ರ್ಯಾಂಕ್ ತುದಿಯಲ್ಲಿರುವ ಭಾರದ ಚಕ್ರ ಫ್ಲೈವೀಲ್ ಮತ್ತು ಕ್ಲಚ್ ಪ್ಲೇಟಿನ ಸ್ಪ್ರಿಂಗ್‌ಗಳೇ ಆ ಕೆಲಸ ಮಾಡಬೇಕು. ಹಾಗಾಗಿ ಸ್ವಲ್ಪ ಜಾಸ್ತಿ ನಡುಕ ಸಹಜ. ಕಪ್ ಹೋಲ್ಡರ್‌ನಲ್ಲಿಟ್ಟ ಚಹಾ ತುಳುಕುವಷ್ಟು ನಡುಕ ಸಹಜವಲ್ಲ.

ಈಗ ಪರೀಕ್ಷೆ. ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಮೆಲ್ಲಗೆ ರೇಸ್ ಮಾಡಿ. ನಡುಕ ಬಂದರೆ ಟೈರು, ಡ್ರೈವ್ ಶಾಫ್ಟ್ ಮೇಲಿನ ಅನುಮಾನ ಅಲ್ಲಿಗೇ ಬಿಡಬಹುದು, ಅವು ತಿರುಗುತ್ತಲೇ ಇಲ್ಲ ಅಲ್ವಾ? ಅದೇ ಆರ್‌ಪಿಎಂನಲ್ಲಿ ಕ್ಲಚ್ ಪೂರ್ತಿ ಒತ್ತಿ ನೋಡಿ. ಕ್ಲಚ್ ಪ್ಲೇಟ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಎಂಜಿನ್‌ನಿಂದ ಬಿಡಿಸಿಕೊಳ್ಳುತ್ತವೆ. ಆಗ ನಡುಕ ಕಡಿಮೆಯಾದರೆ ತಪ್ಪು ಅವುಗಳ ಕಡೆ ಇರಬಹುದು. ಒಂದಿಷ್ಟೂ ಬದಲಾಗದಿದ್ದರೆ ಎಂಜಿನ್, ಫ್ಲೈವೀಲ್, ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿಹಿಡಿಯುವ ಪ್ರೆಶರ್ ಪ್ಲೇಟ್ ಈ ಮೂರನ್ನು ನೋಡಬೇಕು. ಕ್ಲಚ್ ಒತ್ತಿದರೂ ಪ್ರೆಶರ್ ಪ್ಲೇಟ್ ಫ್ಲೈವೀಲ್ ಜೊತೆಗೇ ತಿರುಗುತ್ತಿರುತ್ತದೆ. ಬಹಳ ಜನ ಮರೆಯುವುದು ಇದನ್ನೇ.

ನಿಂತಾಗ ಇಲ್ಲದ ನಡುಕ ಓಡುವಾಗ ಮಾತ್ರ ಬಂದರೆ ಚಿತ್ರದುರ್ಗದ ಕಡೆ ಹೈವೇಯಲ್ಲಿ ಒಂದು ಸುತ್ತು ಹೋಗಿಬನ್ನಿ. 70 ಕಿಲೋಮೀಟರ್ ವೇಗವನ್ನು ಮೊದಲು ನಾಲ್ಕನೇ ಗೇರಿನಲ್ಲಿ, ಆಮೇಲೆ ಐದನೇ ಗೇರಿನಲ್ಲಿ ಹಿಡಿಯಿರಿ. ವೇಗ ಒಂದೇ ಇದ್ದರೆ ಚಕ್ರದ ಸುತ್ತು ಬದಲಾಗುವುದಿಲ್ಲ, ಎಂಜಿನ್ ಸುತ್ತು ಮಾತ್ರ ಬದಲಾಗುತ್ತದೆ. ಗೇರ್ ಬದಲಾದರೂ ನಡುಕ ಬದಲಾಗದಿದ್ದರೆ ಅದು ಚಕ್ರದ ಕಡೆಯದು. ಬದಲಾದರೆ ಎಂಜಿನ್ ಕಡೆಯದು.

ಪಿ.ಬಿ. ರಸ್ತೆಯ ಒಂದು ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಫ್ಲೈವೀಲ್ ನೋಡಿದೆ. ಗುಜರಿಯಿಂದ ಬಂದದ್ದು. ಪ್ರೆಶರ್ ಪ್ಲೇಟನ್ನು ನಡುಮಧ್ಯಕ್ಕೆ ಕೂರಿಸುವ ಡೋವೆಲ್ ಪಿನ್‌ಗಳು ಮೂರೂ ಇರಲಿಲ್ಲ, ಬರೀ ತೂತುಗಳು. ಬೋಲ್ಟ್‌ಗಳು ಬಿಗಿಯಾಗಿದ್ದವು, ಆದರೆ ಬೋಲ್ಟ್ ತೂತಿನಲ್ಲಿ ಯಾವತ್ತೂ ಕೂದಲೆಳೆಯಷ್ಟು ಜಾಗ ಇದ್ದೇ ಇರುತ್ತದೆ. ಲೆಕ್ಕ ಹಾಕೋಣ. ಪ್ರೆಶರ್ ಪ್ಲೇಟಿನ ತೂಕ 4 ಕೆಜಿ, ಅದು ಮಧ್ಯದಿಂದ ಅರ್ಧ ಮಿಲಿಮೀಟರ್ ಮಾತ್ರ ಪಕ್ಕಕ್ಕೆ ಸರಿದಿದೆ ಅಂದುಕೊಳ್ಳಿ. 800 ಆರ್‌ಪಿಎಂನಲ್ಲಿ ಅದು ಕ್ರ್ಯಾಂಕನ್ನು ಎಳೆಯುವ ಬಲ ಒಂದೂವರೆ ಕೆಜಿ ತೂಕಕ್ಕೂ ಕಡಿಮೆ. 3000ಕ್ಕೆ ಹೋದರೆ ಸುಮಾರು 20 ಕೆಜಿ. ಆ ಎಳೆತ ಸೆಕೆಂಡಿಗೆ 50 ಸಲ ಸುತ್ತುತ್ತಾ ಇರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ, ಅದಕ್ಕೇ ಇಂಥ ನಡುಕ ಐಡ್ಲಿಂಗ್‌ನಲ್ಲಿ ಸುಮ್ನೆ ಕೂತಿದ್ದು ರೇಸ್ ಮಾಡಿದಾಗ ಎದ್ದು ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಐಡ್ಲಿಂಗ್‌ನಲ್ಲಿ ಜೋರಾಗಿದ್ದು ರೇಸ್ ಮಾಡಿದಾಗ ಕರಗಿಹೋಗುವ ನಡುಕವಾದರೆ ಮಾತ್ರ ಮೌಂಟಿಂಗ್ ಮತ್ತು ಐಡ್ಲಿಂಗ್ ಸೆಟ್ಟಿಂಗ್ ಕಡೆ ಮೊದಲು ನೋಡಿ.

ಕೆಲವು ಎಂಜಿನ್‌ಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳ ಕ್ರ್ಯಾಂಕ್ ತಾನಾಗಿ ಸಮತೋಲನದಲ್ಲಿ ಇರುವುದಿಲ್ಲ. ಕೊರತೆಯ ತೂಕವನ್ನು ಫ್ಲೈವೀಲ್‌ನ ಒಂದು ಬದಿಗೆ ಬೇಕಂತಲೇ ಇಟ್ಟಿರುತ್ತಾರೆ. ಅಮೆರಿಕದ ಫೋರ್ಡ್ 302 ವಿ8 ಎಂಜಿನ್ ಇದಕ್ಕೆ ಹೆಸರುವಾಸಿ. ಈ ಹೆಚ್ಚುವರಿ ತೂಕದ ಅಳತೆ (ಔನ್ಸ್ ತೂಕವನ್ನು ಮಧ್ಯದಿಂದ ಅದಿರುವ ಇಂಚು ದೂರದಿಂದ ಗುಣಿಸಿದ್ದು) ಹಳೆಯದಕ್ಕೆ 28 ಔನ್ಸ್-ಇಂಚು, 1980ರ ದಶಕದಲ್ಲಿ ಬಂದವಕ್ಕೆ 50. ಒಂದರ ಫ್ಲೈವೀಲ್ ಇನ್ನೊಂದಕ್ಕೆ ಹಾಕಿದರೆ ಎಂಜಿನ್ ಕುಣಿಯುತ್ತದೆ. ನಮ್ಮಲ್ಲಿ ಓಡುವ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಈ ಚಿಂತೆ ಇಲ್ಲ. ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಗಾಡಿಯಾದರೆ ಪೈಲಟ್ ಬೇರಿಂಗ್ ವಿಚಾರಿಸಿಕೊಳ್ಳಿ. ಆಟೋಮ್ಯಾಟಿಕ್ ಎಂಜಿನ್‌ನ ಕ್ರ್ಯಾಂಕ್ ತುದಿಯಲ್ಲಿ ಅದು ಇಲ್ಲದಿರಬಹುದು. ಅದಿಲ್ಲದೆ ಇನ್‌ಪುಟ್ ಶಾಫ್ಟಿನ ತುದಿಗೆ ಆಧಾರವೇ ಇರುವುದಿಲ್ಲ.

ತಪ್ಪು ಫ್ಲೈವೀಲ್ ಕಡೆಯದು ಅಂತ ಖಚಿತವಾದ ಮೇಲೆಯೇ ಗೇರ್‌ಬಾಕ್ಸ್ ಇಳಿಸಿ. ಡೋವೆಲ್ ಹಾಕಿಸಿ, ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟನ್ನು ಜೋಡಿಸಿಯೇ ಬ್ಯಾಲೆನ್ಸ್ ಮಾಡಿಸಿ. ಭಾರ ಇರುವ ಕಡೆ ಅಂಚಿನಲ್ಲಿ 10 ಮಿಲಿಮೀಟರ್ ಅಗಲ, ಅಷ್ಟೇ ಆಳದ ತೂತು ಕೊರೆದರೆ ಸುಮಾರು 6 ಗ್ರಾಂ ಕಬ್ಬಿಣ ಹೋಗುತ್ತದೆ. ಕೆಲಸ ಮುಗಿದ ಮೇಲೆ ಎರಡರ ಮೇಲೂ ಪಂಚ್‌ನಿಂದ ಒಂದು ಗುರುತು ಹೊಡೆಸಿ. ಮುಂದೆ ಕ್ಲಚ್ ಪ್ಲೇಟ್ ಬದಲಿಸುವವರು ಅದೇ ಗುರುತಿಗೆ ಸರಿಯಾಗಿ ಕೂರಿಸಬೇಕು.