ಮೊಲದ ಹಿಕ್ಕೆಯಲ್ಲಿದೆ ನೊಣದ ಗುಟ್ಟು

ಸಾಕಿದ ಮೊಲಕ್ಕೆ ನೊಣ, ಚಿಗಟ, ನುಸಿ ಕಾಡದಂತೆ ಏನು ಹಚ್ಚಬೇಕು ಎಂದು ಕೇಳುವವರು ಬಹಳ. ರಾಸಾಯನಿಕ ಬೇಡ, ನೈಸರ್ಗಿಕವಾದದ್ದೇ ಬೇಕು ಎನ್ನುತ್ತಾರೆ. ಆಸೆ ಒಳ್ಳೆಯದೇ. ಆದರೆ ಎಲ್ಲರೂ ಹಚ್ಚುವುದರ ಬಗ್ಗೆಯೇ ಕೇಳುತ್ತಾರೆ, ತಿನ್ನಿಸುವುದರ ಬಗ್ಗೆ ಯಾರೂ ಕೇಳುವುದಿಲ್ಲ. ನೊಣವನ್ನು ದೂರ ಇಡುವ ದೊಡ್ಡ ಮದ್ದು ಮೊಲದ ತಟ್ಟೆಯಲ್ಲಿದೆ. ಅದು ಒಣಹುಲ್ಲು.

ಹೇಗೆ ಅಂತೀರಾ? ಮೊದಲು ನೊಣವನ್ನು ನೋಡೋಣ. ಲುಸಿಲಿಯಾ ಸೆರಿಕಾಟ ಎಂಬುದು ಲೋಹದಂತೆ ಮಿಂಚುವ ಹಸಿರು ನೊಣ. ಮಲಮೂತ್ರ ಅಂಟಿದ ತುಪ್ಪಳ ಸಿಕ್ಕರೆ ಒಮ್ಮೆಗೇ 200ರಷ್ಟು ಮೊಟ್ಟೆ ಇಡಬಲ್ಲದು. ದಿನ ಬೆಚ್ಚಗಿದ್ದರೆ 24 ಗಂಟೆಯೊಳಗೆ ಮರಿಹುಳಗಳು ಹೊರಬಂದು ಮೊಲದ ತೆಳು ಚರ್ಮವನ್ನೇ ತಿನ್ನತೊಡಗುತ್ತವೆ. ನಿನ್ನೆ ಚೆನ್ನಾಗಿದ್ದ ಮೊಲ ಇವತ್ತು ಸಾಯುವ ಸ್ಥಿತಿಗೆ ಬರಬಹುದು.

ಇದೇ ಹುಳಕ್ಕೆ ಇನ್ನೊಂದು ಮುಖವೂ ಇದೆ. 1917ರಲ್ಲಿ, ಮೊದಲ ಮಹಾಯುದ್ಧದ ರಣರಂಗದಲ್ಲಿ, ದಿನಗಟ್ಟಲೆ ಬಿದ್ದಿದ್ದ ಸೈನಿಕರ ಗಾಯಗಳಲ್ಲಿ ಇಂಥ ಹುಳಗಳು ತುಂಬಿದ್ದವು. ಆದರೂ ಅವರಿಗೆ ಜ್ವರ ಇರಲಿಲ್ಲ. ಇದನ್ನು ಗಮನಿಸಿದ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಬೇರ್, ಮುಂದೆ ಹುಳಗಳಿಂದಲೇ ಗಾಯಕ್ಕೆ ಚಿಕಿತ್ಸೆ ಮಾಡಿದರು. ಕೊಳೆತ ಮಾಂಸವನ್ನಷ್ಟೇ ಹುಳ ತಿಂದು ಗಾಯವನ್ನು ಶುಚಿ ಮಾಡಿತ್ತು. ಈಗಲೂ ಈ ಚಿಕಿತ್ಸೆ ಇದೆ. ಆದರೆ ಅಲ್ಲಿ ಹುಳವನ್ನು ಶುದ್ಧವಾಗಿ ಬೆಳೆಸಿ, ಲೆಕ್ಕ ಹಾಕಿ ಬಿಟ್ಟು, ಎರಡು ಮೂರು ದಿನಕ್ಕೆ ತೆಗೆದುಬಿಡುತ್ತಾರೆ. ಮೊಲದ ಮೈಮೇಲೆ ಲೆಕ್ಕ ಇಡುವವರು ಯಾರೂ ಇಲ್ಲ.

ಸರಿ, ನೊಣವನ್ನು ಕರೆಯುವುದು ವಾಸನೆ. ಆ ವಾಸನೆ ಎಲ್ಲಿಂದ ಬರುತ್ತದೆ ಎಂಬುದೇ ನನಗೆ ಬಹಳ ಇಷ್ಟವಾದ ಭಾಗ.

ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ಗೂಡಿನಲ್ಲಿ ನಾವು ಗುಡಿಸುವ ಗಟ್ಟಿ ಗುಂಡುಗಳು ಒಂದು ಬಗೆ. ಇನ್ನೊಂದು ಮೆತ್ತಗೆ, ಹೊಳೆಯುವ ಲೋಳೆ ಸುತ್ತಿಕೊಂಡು, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಬರುತ್ತದೆ. ಇದನ್ನು ಮೊಲ ನೆಲಕ್ಕೆ ಬೀಳಲು ಬಿಡುವುದಿಲ್ಲ, ಬಗ್ಗಿ ನೇರವಾಗಿ ಬಾಯಿಂದಲೇ ತೆಗೆದುಕೊಂಡು ನುಂಗುತ್ತದೆ. 1882ರಲ್ಲೇ ಮೊರೊ ಎಂಬ ಫ್ರೆಂಚ್ ಪಶುವೈದ್ಯ ಇದನ್ನು ವಿವರಿಸಿದ್ದ. ಛೀ ಎನ್ನಬೇಡಿ. ಹಸು ಮೆಲುಕು ಹಾಕುವುದಿಲ್ಲವೇ, ಇದೂ ಒಂದು ರೀತಿಯ ಮೆಲುಕು. ಹಸುವಿಗೆ ಮೇವು ಹೊಟ್ಟೆಯಿಂದ ಬಾಯಿಗೆ ಹಿಂದಿರುಗಿದರೆ, ಮೊಲದಲ್ಲಿ ಪೂರ್ತಿ ಒಂದು ಸುತ್ತು ಹೊಡೆದು ಬರುತ್ತದೆ.

ಮೊಲದ ಕರುಳು ಮೊರದಂತೆ ಕೇರುತ್ತದೆ. ದಪ್ಪ ನಾರು ಹೊಟ್ಟಿನ ಹಾಗೆ ಹೊರಕ್ಕೆ ಹೋಗಿ ಗಟ್ಟಿ ಗುಂಡಾಗುತ್ತದೆ. ನುಣ್ಣಗಿನ ಭಾಗ ಹಿಂದಕ್ಕೆ, ಕುರುಡು ಕರುಳು ಎಂಬ ದೊಡ್ಡ ಚೀಲಕ್ಕೆ ಸೇರುತ್ತದೆ. ಆ ಚೀಲ ಹಿಟ್ಟು ಹುದುಗುವ ಪಾತ್ರೆ ಇದ್ದಂತೆ. ಅಲ್ಲಿ ಬ್ಯಾಕ್ಟೀರಿಯಾಗಳು ಪ್ರೋಟೀನು, ಬಿ ವಿಟಮಿನ್ನು ತಯಾರಿಸುತ್ತವೆ. ಹುದುಗಿದ್ದು ಮೆತ್ತನೆಯ ಹಿಕ್ಕೆಯಾಗಿ ಬರುತ್ತದೆ. ಮೊರಕ್ಕೆ ಹೊಟ್ಟೇ ಬೀಳದಿದ್ದರೆ ಏನು ಕೇರುವುದು? ನಾರು ಕಮ್ಮಿಯಾಗಿ, ಕಾಳಿನ ಗುಳಿಗೆ, ಹಣ್ಣು, ಕ್ಯಾರೆಟ್ಟು ಜಾಸ್ತಿಯಾದರೆ ಹುದುಗು ಕೆಡುತ್ತದೆ. ಹಿಕ್ಕೆ ಅಂಟಂಟಾಗುತ್ತದೆ, ಮೊಲ ಅದನ್ನು ತಿನ್ನದೆ ಬಿಡುತ್ತದೆ, ಅದು ಬಾಲದ ಕೆಳಗೆ ಮೆತ್ತಿಕೊಳ್ಳುತ್ತದೆ. ಅದೇ ಆಹಾರದಿಂದ ಮೊಲ ದಪ್ಪಗಾಗಿ, ಅಲ್ಲಿಯವರೆಗೆ ಬಗ್ಗಲೂ ಆಗುವುದಿಲ್ಲ. ನೊಣಕ್ಕೆ ಇಷ್ಟು ಸಾಕು.

ಹುಲ್ಲಿನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಹುಲ್ಲು ಅರೆದರೇ ಅದು ಸವೆಯುವುದು. ಹಲ್ಲು ನೋಯುವ ಮೊಲ ಮೈ ನೆಕ್ಕಿಕೊಳ್ಳುವುದಿಲ್ಲ. ಆಗ ತುಪ್ಪಳದಲ್ಲಿ ನುಸಿಯೂ ನೆಮ್ಮದಿಯಾಗಿರುತ್ತದೆ.

ಈಗ ಹಚ್ಚುವ ವಿಷಯ. ಗಿಡದ್ದು ಎಂದ ಮಾತ್ರಕ್ಕೆ ಸುರಕ್ಷಿತ ಎಂಬ ನಂಬಿಕೆ ನನಗೆ ನಿಜಕ್ಕೂ ಆತಂಕ ತರುತ್ತದೆ. ಮೊಲ ಮೈಗೆ ಬಿದ್ದದ್ದನ್ನೆಲ್ಲ ನೆಕ್ಕುತ್ತದೆ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಟೀ ಟ್ರೀ ಎಣ್ಣೆ ಅದಕ್ಕೆ ವಿಷ. ಬೆಳ್ಳುಳ್ಳಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಪಳೆಯುಳಿಕೆಯ ಪುಡಿ ಕೀಟದ ಮೈಯ ಮೇಣವನ್ನು ಹೀರಿ ಅದನ್ನು ಒಣಗಿಸಿ ಕೊಲ್ಲುವುದೇನೋ ನಿಜ. ಆದರೆ ಮೊಲ ಉಸಿರಾಡುವುದು ಮೂಗಿನಿಂದ ಮಾತ್ರ, ಆ ನುಣ್ಣನೆ ದೂಳು ಅದರ ಶ್ವಾಸಕೋಶ ಸೇರುತ್ತದೆ.

ರಾಸಾಯನಿಕ ಎಂದು ದೂರ ಇಡುವ, ನುಸಿ, ಹುಳಗಳನ್ನು ಕೊಲ್ಲುವ ಐವರ್ಮೆಕ್ಟಿನ್ ಎಂಬ ಮದ್ದು ಎಲ್ಲಿಂದ ಬಂತು ಗೊತ್ತಾ? ಜಪಾನಿನಲ್ಲಿ ಗಾಲ್ಫ್ ಮೈದಾನವೊಂದರ ಹತ್ತಿರ ಸಿಕ್ಕ ಮಣ್ಣಿನ ಬ್ಯಾಕ್ಟೀರಿಯಾದಿಂದ. ಆ ದಾರಿ ಹುಡುಕಿದ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ನುಸಿ ಹತ್ತಿದ ಮೊಲಕ್ಕೆ ಪಶುವೈದ್ಯರು ಕೊಡುವ ಮದ್ದುಗಳಲ್ಲಿ ಇದೂ ಒಂದು. ಹಾಗೆಂದು ನಾಯಿಯ ಮದ್ದನ್ನು ಮೊಲಕ್ಕೆ ಹಾಕಬೇಡಿ. ನಾಯಿಯ ಚಿಗಟಕ್ಕೆ ಬಳಸುವ ಫಿಪ್ರೊನಿಲ್ ಮೊಲವನ್ನು ಕೊಲ್ಲಬಲ್ಲದು. ಪ್ರಾಣಿ ಯಾವುದು, ಪ್ರಮಾಣ ಎಷ್ಟು ಎಂಬುದನ್ನು ನೋಡಬೇಕು.

ಮದ್ದಿಲ್ಲದೆ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ. ಚಿಗಟದ ಮೊಟ್ಟೆ, ಮರಿ, ಕೋಶ ಹೆಚ್ಚಾಗಿ ಇರುವುದು ನೆಲದಲ್ಲಿ, ಹಾಸಿನಲ್ಲಿ. ಅದಕ್ಕೇ ವ್ಯಾಕ್ಯೂಮ್ ಕ್ಲೀನರ್ ಒಳ್ಳೆಯ ಆಯುಧ. ಹಾಸು ಬಿಸಿನೀರಿನಲ್ಲಿ ಒಗೆಯಿರಿ. ಒದ್ದೆಯಾದ ಹುಲ್ಲನ್ನು ದಿನವೂ ತೆಗೆಯಿರಿ. ಗೂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದರೆ ನೊಣದ ಜೊತೆ ಸೊಳ್ಳೆಯೂ ತಪ್ಪುತ್ತದೆ. ಮಿಕ್ಸೊಮಟೋಸಿಸ್ ಎಂಬ ಕೊಲ್ಲುವ ರೋಗವನ್ನು ಸೊಳ್ಳೆ, ಚಿಗಟಗಳು ಹರಡುತ್ತವೆ. ತುಪ್ಪಳ ಬಾಚುವಾಗ ಬಿದ್ದ ಚರ್ಮದ ಹೊಟ್ಟನ್ನು ಕಪ್ಪು ಕಾಗದದ ಮೇಲೆ ಹಾಕಿ ನೋಡಿ. ಹೊಟ್ಟು ನಡೆದಾಡಿದರೆ ಅದು ನುಸಿ. ಸುಮ್ನೆ ಸ್ನಾನ ಮಾತ್ರ ಮಾಡಿಸಬೇಡಿ, ಮೊಲ ಹೆದರಿ ಮೈ ತಣ್ಣಗಾಗುತ್ತದೆ.

ಬೆಚ್ಚಗಿನ ದಿನಗಳಲ್ಲಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೊಲದ ಬಾಲದ ಕೆಳಗೆ ನೋಡಿ. ಅಕ್ಕಿ ನುಚ್ಚಿನಂಥ ಮೊಟ್ಟೆಗಳು ಕಂಡರೆ ಬಾಚಿ ತೆಗೆದು ವೈದ್ಯರಿಗೆ ತೋರಿಸಿ. ಹುಳ ಕಂಡರೆ ಮನೆಮದ್ದಿನ ಯೋಚನೆ ಬಿಡಿ. ಮೈಗೆ ನೀರು ಹಾಕದೆ, ಮೊಲವನ್ನು ಬುಟ್ಟಿಯಲ್ಲಿಟ್ಟು ಆ ಕ್ಷಣವೇ ಪಶುವೈದ್ಯರ ಹತ್ತಿರ ಹೊರಡಿ. ರಾತ್ರಿಯಾಗಿದ್ದರೂ ಅಷ್ಟೇ, ಬೆಳಗಾಗಲಿ ಎಂದು ಕಾಯಬೇಡಿ.